ಎರಡು ರೇಡಿಯೋ ಮತ್ತು ಹಿಡಿ ಜೋಳ

ಮಳೆಗಾಲದಲ್ಲಿ ಖಾನಾಪುರದ ಬಸ್ಸು ಹತ್ತಿದವರು ಕಿಟಕಿ ಪಕ್ಕ ಕೂರಬಾರದು. ಇದು ಗೊತ್ತಿದ್ದೂ ನಾನು ಪ್ರತಿ ಸಲ ಅಲ್ಲೇ ಕೂರುತ್ತೇನೆ, ಪ್ರತಿ ಸಲ ಒಂದು ತೋಳು ತೋಯಿಸಿಕೊಳ್ಳುತ್ತೇನೆ, ಪ್ರತಿ ಸಲ ಕಂಡಕ್ಟರನ ಮೇಲೆ ಹರಿಹಾಯುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಮದುವೆ ಮನೆಯೊಂದಕ್ಕೆ ಹೊಲಿದ ಜಂಪರುಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಿದ್ದೆ. ಪೀರನವಾಡಿ, ಮಚ್ಛೆ ಹಿಂದೆ ಬಿದ್ದವು. ಡ್ರೈವರ್ ರೇಡಿಯೋದ ಕಿವಿ ಹಿಂಡುತ್ತಲೇ ಇದ್ದ, ಅದು ಕರಕರ ಅನ್ನುತ್ತಲೇ ಇತ್ತು. ಒಂದು ಏರು ಹತ್ತಿದ ಮೇಲೆ ಆ ಕರಕರದೊಳಗಿಂದ ಹೆಣ್ಣು ದನಿಯೊಂದು ಎದ್ದು ಬಂತು. ಯಾವ ಹಳ್ಳದ ಸೇತುವೆ ಮುಳುಗಿದೆ, ಯಾವ ಊರಿನ ಬಸ್ಸು ಅರ್ಧ ದಾರಿಯಿಂದ ತಿರುಗಿದೆ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ.

"ಸುಗಂಧಾ!" ಎಂದುಬಿಟ್ಟೆ, ಇಡೀ ಬಸ್ಸಿಗೆ ಕೇಳುವ ಹಾಗೆ.

ಪಕ್ಕದ ಹೆಂಗಸು ತಿರುಗಿ ನೋಡಿದಳು. "ಗುರುತಿನವರೇನ್ರಿ?"

"ಹೂನ್ರಿ" ಎಂದು ಸುಮ್ಮನಾದೆ. ಬಾಯಿ ಬಿಟ್ಟಿದ್ದರೆ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಖಾನಾಪುರ ಬಂದೇಬಿಡುತ್ತಿತ್ತು.

ಆ ಮಳೆಗಾಲದಲ್ಲಿ ನನ್ನ ಜೀವಕ್ಕೆ ಸಮಾಧಾನ ಅನ್ನುವುದೇ ಇರಲಿಲ್ಲ. ಕೂತರೆ ಏಳಬೇಕು, ಎದ್ದರೆ ಮತ್ತೆ ಕೂರಬೇಕು. ಎಡ ತೋಳನ್ನು ಬಲಕ್ಕೆ ಹಚ್ಚಿ ಹೊಲಿದ ಜಂಪರುಗಳೆಷ್ಟೋ. ಕಾರ್ಖಾನೆಯಿಂದ ಬಂದ ಗಂಡ ಒಂದು ದಿನ ಅಂದರು, "ನಿನ್ನ ಕಾಲಾಗ ಚಕ್ರ ಹಾಕ್ಯಾರೇನು? ಒಂದ ಕಡೆ ಕುಂದ್ರ." ಕೂತೆ. ಅವರು ಚಹಾ ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಎದ್ದಿದ್ದೆ.

ಕಾರಣ ಹೇಳಬೇಕೆಂದರೆ ನಮ್ಮ ಓಣಿಯ ಒಂದು ರೂಢಿಯನ್ನು ಹೇಳಬೇಕು. ಅನಗೋಳದ ಆ ಓಣಿಯಲ್ಲಿ ಹೆಂಗಸರು ದಿನಾ ಮುಂಜಾನೆ ರೊಟ್ಟಿ ಬಡಿಯಲು ಕೂರುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕುತ್ತಾರೆ. ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಸೋಮವಾರ ಸಂಜೆ ಎಲ್ಲರ ಗಡಿಗೆಯೂ ನಮ್ಮ ಮನೆಯ ಪಡಸಾಲೆಯ ಚೀಲಗಳಿಗೆ ಸುರಿಯುತ್ತದೆ. ಶ್ರಾವಣದ ಕಡೆಯ ಸೋಮವಾರ ಚೀಲಗಳ ಬಾಯಿ ಹೊಲಿದು ಯಾರಿಗಾದರೂ ಕೊಡುವುದು. ಒಮ್ಮೆ ಹೆಣ್ಣುಮಕ್ಕಳ ವಸತಿಗೃಹಕ್ಕೆ, ಒಮ್ಮೆ ಮಠದ ದಾಸೋಹಕ್ಕೆ, ಒಮ್ಮೆ ಮನೆ ಕುಸಿದವರಿಗೆ. ಇದಕ್ಕೆ ಎರಡು ಕಟ್ಟಳೆ. ಕೊಟ್ಟರೆ ಒಬ್ಬರಿಗೇ ಕೊಡಬೇಕು, ಪಾಲು ಮಾಡುವ ಹಾಗಿಲ್ಲ. ಇನ್ನೊಂದು, ಕೊಡುವ ಜಾಗವನ್ನು ಮೊದಲು ಇಬ್ಬರು ಹೋಗಿ ನೋಡಿ ಬರಬೇಕು, ಆದರೆ ಅಲ್ಲಿ ಹನಿ ನೀರನ್ನೂ ಬಾಯಿಗೆ ಹಾಕಬಾರದು. ಹೆಣ್ಣು ನೋಡಲು ಹೋದವರು ಮನಸ್ಸು ತಿಳಿಸುವ ಮೊದಲು ಆ ಮನೆಯಲ್ಲಿ ಉಣ್ಣುವುದಿಲ್ಲವಲ್ಲ, ಹಾಗೆ. ಉಂಡರೆ ಒಪ್ಪಿದಂತೆ, ಆಮೇಲೆ ಮಾತು ತಿರುಗಿಸುವ ಹಾಗಿಲ್ಲ.

ಚೀಲದ ಬಾಯಿ ಹೊಲಿಯುವ ದಬ್ಬಣ ನನ್ನ ಅತ್ತೆ ನೀಲವ್ವನ ಕೈಯಲ್ಲಿತ್ತು. ಎಪ್ಪತ್ತು ದಾಟಿದವರು, ಓಣಿಗೆ ಹಿರಿಯರು. ಒಬ್ಬರೇ ಕಿರಾಣಿ ಅಂಗಡಿಗೂ ಹೋಗದ ಹೆಂಗಸು. ಆದರೆ ಮಂಗಳವಾರ ಮಧ್ಯಾಹ್ನ ಬಂತೆಂದರೆ ತಲೆಗೆ ಎಣ್ಣೆ ಹಚ್ಚಿ, ಇಲಕಲ್ ಸೀರೆ ಉಟ್ಟು, ತಾವೇ ಆಟೋ ನಿಲ್ಲಿಸಿ "ವಡಗಾವಿ ರೇಡಿಯೋಕ್ಕ ನಡಿಯಪಾ" ಎನ್ನುತ್ತಿದ್ದರು. ವಡಗಾವಿಯ ಮಗ್ಗದ ಓಣಿಯಲ್ಲಿ ಒಂದು ಸಣ್ಣ ಸಮುದಾಯ ರೇಡಿಯೋ ಇತ್ತು. ಸರಕಾರದ್ದಲ್ಲ, ವ್ಯಾಪಾರದವರದ್ದೂ ಅಲ್ಲ. ಊರವರೇ ನಡೆಸುವುದು, ಊರವರೇ ಮಾತಾಡುವುದು. ಅಲ್ಲಿನವರು ಬೀಸುವ ಪದ ಹಾಡುವವರನ್ನು ಹುಡುಕಿಕೊಂಡು ಮೊದಲ ಸಲ ನಮ್ಮ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಅಡಗಿಕೊಂಡಿದ್ದರು. ಎರಡನೆಯ ಸಲ ಬಾಗಿಲ ಹಿಂದೆ ನಿಂತು ಒಂದು ಪದ ಹಾಡಿದರು. ಮೂರನೆಯ ಸಲ ಅವರು ಬರುವ ಮೊದಲೇ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಅಂದಿನಿಂದ ಮಂಗಳವಾರದ ಅರ್ಧ ತಾಸು ಅತ್ತೆಯದಾಯಿತು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುವವಳು. ಆ ಅರ್ಧ ತಾಸು ಮಿಷನ್ ನಿಲ್ಲಿಸಿ ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದೆ. ಗಿರಾಕಿ ಬಂದರೆ "ಕರೆಂಟ್ ಇಲ್ಲ" ಎಂದು ಸಾಗಹಾಕುತ್ತಿದ್ದೆ, ಕಾಲಿನಿಂದ ತುಳಿಯುವ ಮಿಷನ್ನಿಗೆ ಕರೆಂಟ್ ಯಾಕೆ ಎಂದು ಯಾರೂ ಕೇಳಲಿಲ್ಲ, ಪುಣ್ಯ. ಆದರೆ ಅತ್ತೆ ತಿರುಗಿ ಬಂದಾಗ ನನ್ನ ಬಾಯಿಂದ ಬರುತ್ತಿದ್ದ ಮಾತೇ ಬೇರೆ.

"ಇವತ್ತ ದನಿ ಒಡದಿತ್ತಂತಲ್ರಿ ಅತ್ತಿ, ಮಂದಿ ಅನ್ನಾಕತ್ತಿದ್ರು."

"ಅಂದವರ ಕಿವಿ ಒಡದಿರಬೇಕು. ಚಹಾ ಇಡು."

ಅತ್ತೆ ಸೊಸೆಯ ನಡುವೆ ಹೊಗಳಿಕೆಯ ಮಾತು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಚಹಾಕ್ಕೆ ಶುಂಠಿ ಒಂದಿಷ್ಟು ಹೆಚ್ಚು ಜಜ್ಜಿ ಹಾಕುತ್ತಿದ್ದೆ, ಅಷ್ಟೇ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ವಡಗಾವಿ ರೇಡಿಯೋದವರು ಒಂದು ಮಾತು ಹೇಳಿದರು. ಊರವರ ನೆರವು ಸಿಗದೇ ಹೋದರೆ ಮುಂಜಾನೆ ಮತ್ತು ಸಂಜೆಯ ಕಾರ್ಯಕ್ರಮಗಳನ್ನಷ್ಟೇ ಇಟ್ಟುಕೊಂಡು ಮಧ್ಯಾಹ್ನದ್ದನ್ನು ನಿಲ್ಲಿಸಬೇಕಾಗುತ್ತದೆ ಎಂದು. ಮಧ್ಯಾಹ್ನ ಅಂದರೆ ನಮ್ಮ ಮನೆಯ ಲೆಕ್ಕದಲ್ಲಿ ಅತ್ತೆಯ ಮಂಗಳವಾರ. ಅತ್ತೆ ಕೈಯಲ್ಲಿದ್ದ ಮೊರದ ಅಕ್ಕಿಯಲ್ಲಿ ಇಲ್ಲದ ಹರಳನ್ನು ಹುಡುಕತೊಡಗಿದರು.

ಮುಂದಿನ ಸೋಮವಾರ ಪಡಸಾಲೆಯಲ್ಲಿ ಎಲ್ಲರೂ ಸೇರಿದಾಗ ನಾನೇ ಬಾಯಿ ತೆಗೆದೆ. "ಈ ವರ್ಷ ನಮ್ಮ ಹಿಡಿ ಜೋಳ ರೇಡಿಯೋಕ್ಕ ಕೊಡೂಣು."

ಮೂಲೆಯಿಂದ ಯಾರೋ ನಕ್ಕರು. "ರೇಡಿಯೋ ಜೋಳ ತಿಂತೈತೇನ ಬೇ?"

"ಜೋಳ ಮಾರಿ ಬಂದದ್ದನ್ನ ಕೊಡೂದು. ಹಾಸ್ಟೇಲಿಗೆ ಕೊಟ್ಟಾಗೂ ಅರ್ಧ ಮಾರಿ ಎಣ್ಣಿ ಬ್ಯಾಳಿ ತಂದು ಕೊಟ್ಟಿಲ್ಲೇನು?"

ಮಾತು ಸರಿಯಾಗಿತ್ತು, ಎಲ್ಲರೂ ಗೋಣು ಹಾಕಿದರು. ನಾನು ಗೆದ್ದೆ ಅಂದುಕೊಂಡೆ. ಆಗ ಎದುರುಮನೆಯ ಮಹಾದೇವಿ ಸೆರಗು ಸರಿಮಾಡಿಕೊಂಡು ಅಂದಳು, "ರೇಡಿಯೋಕ್ಕ ಕೊಡೂದು ಖರೇ ಆದ್ರ, ನಮ್ಮ ಖಾನಾಪುರದ ರೇಡಿಯೋಕ್ಕ ಕೊಡೂಣು."

ನಾನು ತೋಡಿದ ಬಾವಿಗೆ ಅವಳು ತನ್ನ ಕೊಡ ಇಳಿಬಿಟ್ಟಳು. ಮಹಾದೇವಿಯ ತವರು ಖಾನಾಪುರ. ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಲ್ಲಿ ಹತ್ತು ವರ್ಷ ದೊಡ್ಡವಳು. ಅಲ್ಲಿಯೂ ಇಂಥದೇ ಒಂದು ರೇಡಿಯೋ ಇದೆಯಂತೆ. ಮಳೆಗೆ ಕರೆಂಟ್ ಹೋದರೆ ಅದರ ಬಾಯಿಯೂ ಬಂದ್ ಆಗುತ್ತದಂತೆ. ಹಳೆಯ ಬ್ಯಾಟರಿ ಸಾಯಲು ಬಂದಿದೆಯಂತೆ. ಕಾಡಿನ ಅಂಚಿನ ಊರುಗಳಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಹಳ್ಳ ಬಂತೋ ಹೋಯಿತೋ ಗೊತ್ತಾಗುವುದು ಆ ರೇಡಿಯೋದಿಂದಲೇ ಅಂತೆ.

"ಆ ಸ್ಟೇಷನ್ ಇಲ್ಲೀತನಕ ಬರತೈತೇನು?" ಎಂದು ಕೇಳಿದವಳು ಶಿವಕ್ಕ, ಅತ್ತೆಯ ಜೀವದ ಗೆಳತಿ.

"ಇಲ್ಲ. ಅರ್ಧ ದಾರಿಗೇ ನಿಂದರತೈತಿ."

"ನಮ್ಮ ಕಿವಿಗೆ ಬೀಳದ ರೇಡಿಯೋಕ್ಕ ನಮ್ಮ ಜೋಳ ಯಾಕ ಕೊಡೂದು? ಮ್ಯಾಲ ಮರಾಠಿನೂ ಹಾಕತಾರಂತ."

"ಅಯ್ಯ, ನಿನ್ನೆ ಕಾಯಿಪಲ್ಲೆದಾಕಿ ಕೂಡ ಅರ್ಧ ತಾಸು ಮರಾಠ್ಯಾಗ ಜಗಳಾಡಿದಾಕಿ ಯಾರು?" ಎಂದಳು ಮಹಾದೇವಿ. ಶಿವಕ್ಕನೂ ಸೇರಿ ಎಲ್ಲರೂ ನಕ್ಕರು. ಆದರೆ ಓಣಿ ಎರಡಾಗಿತ್ತು. ನನ್ನ ಕಣ್ಣು ಅತ್ತೆಯ ಮೇಲೆ. ಅವರು ಒಂದು ಮಾತು ಅಂದರೆ ಸಾಕಿತ್ತು, ಯಾರೂ ಎದುರಾಡುತ್ತಿರಲಿಲ್ಲ.

ಅತ್ತೆ ಅಂದದ್ದು ಇಷ್ಟೇ. "ಇದರಾಗ ನನ್ನದೂ ಐತಿ. ಅದಕ್ಕ ನಾ ಬಾಯಿ ಹಾಕೂದಿಲ್ಲ. ನನ್ನ ಹಾಡಿನ ಸಲುವಾಗಿ ಯಾರೂ ಮಾತಾಡಬ್ಯಾಡ್ರಿ. ಇಬ್ಬರು ಹೋಗಿ ನೋಡಿ ಬರ್ರಿ."

ನೋಡುವವರು ಯಾರು? ಮಹಾದೇವಿ ಖಾನಾಪುರದ ಕಡೆಯವಳು, ನಾನು ವಡಗಾವಿಯ ಕಡೆಯವಳು. ಇಬ್ಬರನ್ನೂ ಕೂಡಿಸಿ ಕಳಿಸಿದರು, ಎತ್ತು ಏರಿಗೆ ಕೋಣ ನೀರಿಗೆ.

ವಡಗಾವಿಯ ರೇಡಿಯೋ ನೋಡಲು ಒಂದು ಮಧ್ಯಾಹ್ನ ಸಾಕಾಯಿತು. ಮಗ್ಗಗಳ ಸದ್ದಿನ ನಡುವೆ ಮಹಡಿಯ ಮೇಲೆ ಒಂದು ಕೋಣೆ. ನೇಕಾರರ ಮಕ್ಕಳು, ಕಾಲೇಜು ಹುಡುಗಿಯರು, ಹಳೆಯ ಭಜನೆಯವರು ಬಂದು ಹೋಗುವ ಜಾಗ. ನಡೆಸುವವನು ಪ್ರಶಾಂತ ಎಂಬ ತೆಳ್ಳಗಿನ ಯುವಕ. ಅತ್ತೆ ಕೂರುವ ಕುರ್ಚಿಯನ್ನು ನನಗೆ ತೋರಿಸಿದ. ಅದಕ್ಕೊಂದು ದಿಂಬು ಹಾಕಿದ್ದರು. "ಅಜ್ಜಿಗೆ ಬೆನ್ನ ನೋವಂತ್ರಿ" ಅಂದ. ಚಹಾ ತರಿಸಿದ. ನಾವು ಮುಟ್ಟಲಿಲ್ಲ. ಪಾಪ, ಕಾರಣ ಗೊತ್ತಿಲ್ಲದೆ ಅವನ ಮುಖ ಸಣ್ಣಗಾಯಿತು, ಚಹಾದ ಮೇಲೆ ಕೆನೆ ಕಟ್ಟಿತು. ನನಗೆ ಆ ಲೋಟ ಎತ್ತಿ ಗಟಗಟ ಕುಡಿದು ಇಲ್ಲೇ ಎಲ್ಲ ಮುಗಿಸಿಬಿಡಲೇ ಅನ್ನಿಸಿತು. ಕುಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಹಾದೇವಿ ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು, ಮೋಸ ಮಾಡಿದೆ ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು.

ಖಾನಾಪುರಕ್ಕೆ ಹೋಗುವುದನ್ನು ಮಳೆ ಮುಂದೂಡುತ್ತಲೇ ಹೋಯಿತು. ಎಂಥ ಮಳೆ ಅದು! ಗೋಡೆಗಳು ಬೆವರುತ್ತಿದ್ದವು, ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಿದರೂ ತೇವದ ವಾಸನೆ ಹೋಗುತ್ತಿರಲಿಲ್ಲ. ಪಡಸಾಲೆಯ ಚೀಲಗಳ ಕೆಳಗೆ ಹಲಗೆ ಕೊಟ್ಟು, ಮೂರು ದಿನಕ್ಕೊಮ್ಮೆ ಕೈ ಹಾಕಿ ಜೋಳ ಬೆಚ್ಚಗಾಗಿದೆಯೋ ಎಂದು ನೋಡುತ್ತಿದ್ದೆವು. ಬೆಚ್ಚಗಾದರೆ ಕೆಟ್ಟಿತು ಅಂತ ಅರ್ಥ. ಮಂಗಳವಾರಗಳು ಬಂದು ಹೋಗುತ್ತಿದ್ದವು. ಅತ್ತೆ ಆ ಮಳೆಯಲ್ಲೂ ತಪ್ಪಿಸಲಿಲ್ಲ. ಒಂದು ದಿನ ಮೊಣಕಾಲವರೆಗೆ ತೊಯ್ದು ಬಂದರು. "ಇಷ್ಟು ತ್ರಾಸ ಯಾಕ ತಗೋತೀರಿ?" ಎಂದು ರೇಗಿದೆ. "ಉಳದದ್ದು ಎಷ್ಟರ ಐತಿ" ಎಂದು ಸೀರೆಯ ನೆರಿಗೆ ಹಿಂಡಿಕೊಂಡು ಒಳಗೆ ಹೋದರು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಕಡೆಗೆ ಒಂದು ದಿನ ಮುಂಜಾನೆ ಮಳೆ ಸ್ವಲ್ಪ ಹೊಳವಾದದ್ದೇ ಹೊರಟೆವು. ಖಾನಾಪುರದಲ್ಲಿ ಇಳಿಯುವಾಗ ಅದು ಮತ್ತೆ ಹಿಡಿಯಿತು. ಮಹಾದೇವಿ ತವರಿನಲ್ಲಿ ಉಂಡು ಹೋಗೋಣ ಅಂದಳು. ನಾನು ಬೇಡವೆಂದೆ, ಅವಳ ತವರಿನ ಅನ್ನ ಉಂಡು ಅವಳ ಊರಿನ ರೇಡಿಯೋಕ್ಕೆ ಬೇಡ ಎನ್ನುವುದು ಹೇಗೆ? ನನ್ನ ಹಟಕ್ಕೆ ನಾನೇ ಹಸಿದುಕೊಂಡು ನಡೆದೆ. ಮಹಾದೇವಿ ಉಂಡು ಬಂದಳು, ತೇಗುತ್ತ.

ರೇಡಿಯೋ ಇದ್ದದ್ದು ಹಳೆಯ ಭತ್ತದ ಗೋದಾಮಿನ ಹಿಂದಿನ ಎರಡು ಕೋಣೆಗಳಲ್ಲಿ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಕೌದಿ ಹೊಡೆದಿದ್ದರು. ಬಣ್ಣಬಣ್ಣದ ಚಿಂದಿಯ ಆ ಕೌದಿಗಳ ನಡುವೆ ಮೈಕಿನ ಮುಂದೆ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ಅವಳೇ ಸುಗಂಧಾ. ಒಂದು ಕಿವಿಗೆ ಫೋನು, ಕೈಯಲ್ಲಿ ಪೆನ್ಸಿಲು. "ಬರ್ರಿ ಅಕ್ಕಾ, ಕುಂದರ್ರಿ, ಎರಡ ನಿಮಿಷ" ಎಂದು ನಮ್ಮ ಕಡೆ ಅಂದು ಮೈಕಿನ ಕಡೆ ತಿರುಗಿದಳು. ಯಾವ ದಾರಿ ಬಂದ್, ಹಾಲಿನ ಗಾಡಿ ಎಲ್ಲಿ ನಿಂತಿದೆ, ಯಾವ ಶಾಲೆಗೆ ಸೂಟಿ. ಎರಡು ಭಾಷೆಯಲ್ಲೂ ಅದೇ ಅವಸರ, ಅದೇ ಜೋರು.

ನಾವು ಕೂತು ಸ್ವಲ್ಪ ಹೊತ್ತಾಗಿರಬೇಕು. ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಹೆಸರು ಮಂದಾ. ಕಾಡಿನ ಕಡೆಯ ಒಂದು ಹಳ್ಳಿಯವಳು, ಸಂತೆಗೆ ಬಂದಿದ್ದಳು. ಅಷ್ಟರಲ್ಲಿ ಊರಿನ ಹಳ್ಳ ತುಂಬಿ ಸೇತುವೆಯ ಮೇಲೆ ನೀರು. ಅವಳು ಮರಾಠಿಯಲ್ಲಿ ಹೇಳುತ್ತಿದ್ದುದನ್ನು ಸುಗಂಧಾ ನಮಗೆ ಕನ್ನಡದಲ್ಲಿ ಹೇಳಿದಳು. "ಆಕಿ ಅವ್ವ ವಯಸ್ಸಾದಾಕಿ. ಮಗಳು ಬರಲಿಲ್ಲಂದ್ರ ಲಾಟೀನ ಹಿಡಕೊಂಡು ಹಳ್ಳಕ್ಕ ಇಳೀತಾಳಂತ. ಹಿಂದಕ ಒಮ್ಮೆ ಹಂಗ ಇಳದು ಕಾಲ ಜಾರಿ, ಮಂದಿ ಹಿಡಕೊಂಡಾರ. ಸಂಜಿಮುಂದ ರೇಡಿಯೋ ಹಚ್ಚಿರತಾಳ. ನಾ ಇಲ್ಲೇ ಅದೀನಿ, ನೀ ಇಳೀಬ್ಯಾಡ ಅಂತ ಹೇಳಬೇಕಂತ."

ಸುಗಂಧಾ ಅವಳನ್ನು ಮೈಕಿನ ಮುಂದೆ ಕೂರಿಸಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಗೆ ಹಾಕಿದಳು. ಒಂದು ಸಣ್ಣ ಕೆಂಪು ದೀಪ ಹತ್ತಿತು. "ಲವಕರ ಬೋಲ" ಎಂದು ಅವಸರ ಮಾಡಿದಳು. ಮಂದಾ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮತ್ತೆ ತೆರೆದಳು. "ಆಯೀ, ಮೀ ಮಂದಾ..." ಅಂದಳು, ಅವ್ವ ಎದುರಿಗೇ ನಿಂತಿದ್ದಾಳೇನೋ ಅನ್ನುವ ಹಾಗೆ. ಮುಂದಿನ ಮಾತು ಮುಗಿಯುವ ಮೊದಲೇ ಕೆಂಪು ದೀಪ ಆರಿತು.

ಹೋಯಿತೋ ಇಲ್ಲವೋ? ಯಾರಿಗೂ ಗೊತ್ತಿಲ್ಲ. ಸುಗಂಧಾ ಬ್ಯಾಟರಿಯ ತಂತಿ ಅಲುಗಾಡಿಸಿದಳು, ಬಡಿದಳು, ಬೈದಳು. "ಕರೆಂಟ್ ಬಂದ ಕೂಡಲೇ ಮತ್ತ ಹೇಳೂಣು" ಅಂದಳು. ಮಂದಾ ಅಳಲಿಲ್ಲ. ಬಾಗಿಲಿಗೆ ಹೋಗಿ ಆಕಾಶ ನೋಡಿದಳು, ತಿರುಗಿ ಬಂದಳು, ಮತ್ತೆ ಹೋದಳು. ನಾನು ಅವಳ ಹಿಂದೆಯೇ ಬಾಗಿಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ನನ್ನ ಆಯಿ ಅಲ್ಲ, ನನ್ನ ಹಳ್ಳ ಅಲ್ಲ, ಆದರೂ ಕೂರಲಾಗಲಿಲ್ಲ. ಒದ್ದೆ ಸೀರೆ ಮೈಗೆ ಹತ್ತಿ ನಡುಕ ಬಂದಿತ್ತು.

ಅದನ್ನು ಅವಳು ನೋಡಿರಬೇಕು. ಸಂತೆ ಚೀಲದಿಂದ ಗಂಟೊಂದನ್ನು ತೆಗೆದಳು. ಅಕ್ಕಿ ಹಿಟ್ಟಿನ ರೊಟ್ಟಿ, ಅವರ ಮಾತಿನಲ್ಲಿ ಭಾಕರಿ, ಮೇಲೆ ಹಸಿಮೆಣಸಿನಕಾಯಿ ಜಜ್ಜಿದ ಖಾರ. ಅರ್ಧ ಮುರಿದು ನನ್ನ ಕೈಗೆ ತುರುಕಿದಳು. "ಖಾ ಬಾಯಿ, ಖಾ." ಅವಳಿಗೆ ನಾನು ಯಾರೆಂದು ಗೊತ್ತಿಲ್ಲ. ಜೋಳದ ವಿಷಯವೂ ಗೊತ್ತಿಲ್ಲ. ಕೈಗೆ ಬಂದದ್ದು ಬಾಯಿಗೆ ಹೋಯಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೈ ಬೆಚ್ಚಗಾಯಿತು. ಕಡೆಯ ತುತ್ತು ನುಂಗಿದ ಮೇಲೆ ತಲೆ ಎತ್ತಿದರೆ ಮಹಾದೇವಿ ನನ್ನನ್ನು ನೋಡುತ್ತಿದ್ದಳು.

"ಗಿರಿಜಾ" ಅಂದಳು ಮೆಲ್ಲಗೆ, "ಉಂಡಿ."

ಅತ್ತೆಯ ಮಂಗಳವಾರವನ್ನು ಒಂದು ಅರ್ಧ ಭಾಕರಿಗೆ ನುಂಗಿಬಿಟ್ಟಿದ್ದೆ.

ಕಡೆಯ ಬಸ್ಸಿಗೆ ನಾವು ಹೊರಡಬೇಕಾಗಿತ್ತು. ಹೊರಡುವಾಗಲೂ ಕರೆಂಟ್ ಬಂದಿರಲಿಲ್ಲ. ಗೆದ್ದ ಮಹಾದೇವಿ ಕುಣಿಯಬೇಕಿತ್ತು, ಅವಳೂ ದಾರಿಯುದ್ದಕ್ಕೂ ಕಿಟಕಿಯ ಆಚೆ ಕತ್ತಲೆಯನ್ನೇ ನೋಡುತ್ತಿದ್ದಳು. ಮರುದಿನ ಹೊತ್ತೇರಿದ ಮೇಲೆ ಸುಗಂಧಾಳ ಫೋನು ಬಂತು. ಆ ಕಡೆಯಿಂದ ಬಂದವರು ಸುದ್ದಿ ತಂದಿದ್ದರಂತೆ, ಹಳ್ಳದ ನೀರು ಇಳಿದ ಮೇಲೆ ಮಂದಾ ಮನೆ ಮುಟ್ಟಿದ್ದಳು. ಆಯಿಗೆ ಕೇಳಿಸಿದ್ದು ಹೆಸರು ಮಾತ್ರವಂತೆ. ಮಗಳು ರೇಡಿಯೋದ ಬಳಿ ಇದ್ದಾಳೆ ಅಂದಮೇಲೆ ಖಾನಾಪುರದಲ್ಲೇ ಉಳಿದಿದ್ದಾಳೆ ಎಂದು ತಿಳಿದು, ಲಾಟೀನು ಕೆಳಗಿಟ್ಟು ಮಲಗಿದಳಂತೆ. ನಾನು ಹೊಲಿಯುತ್ತಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಸೋಮವಾರ ಪಡಸಾಲೆ ತುಂಬಿತ್ತು. ಮಹಾದೇವಿ ನಡೆದದ್ದೆಲ್ಲ ಹೇಳಿದಳು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಭಾಕರಿಯ ಮಾತು ಬಂದಾಗ ಎಲ್ಲರ ಮುಖ ನನ್ನ ಕಡೆ ತಿರುಗಿತು. ಆಗ ಶಿವಕ್ಕ ಕೈ ಎತ್ತಿದಳು.

"ತಡೀರಿ. ಭಾಕರಿ ಯಾರದು? ಸ್ಟೇಷನ್ನಿನವರದಲ್ಲ. ದಾರಿ ಮ್ಯಾಲಿನ ಮಂದಿದು. ಬಸ್ಸಿನಾಗ ಬಾಜೂದಾಕಿ ಶೇಂಗಾ ಕೊಟ್ರ ತಿನ್ನೂದಿಲ್ಲೇನು? ಅದು ಉಂಡಂಗಲ್ಲ."

"ಸ್ಟೇಷನ್ನಿನ ಸೂರಿನ ಕೆಳಗ ಉಂಡಾಳ" ಎಂದಳು ಇನ್ನೊಬ್ಬಳು.

"ಸೂರಿಗೆ ಏನೈತಿ? ಅನ್ನ ಯಾರದೋ ಋಣ ಅವರದು."

ಶುರುವಾಯಿತು ನೋಡಿ. ಋಣ ಅನ್ನಕ್ಕೋ ಸೂರಿಗೋ ಎಂದು ಆ ಮಳೆಯ ಸಂಜೆ ನಮ್ಮ ಓಣಿಯಲ್ಲಿ ನಡೆದ ವಾದ ಯಾವ ಕೋರ್ಟಿನಲ್ಲೂ ನಡೆದಿರಲಿಕ್ಕಿಲ್ಲ. ಶಿವಕ್ಕ ಯಾಕೆ ಹಟ ಹಿಡಿದಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಗೆಳತಿಯ ಹಾಡು ಉಳಿಯಲೆಂದು. ಕಡೆಗೆ ಅವಳೇ ನನ್ನ ಕಡೆ ತಿರುಗಿದಳು. "ಉಂಡಾಕಿ ನೀನು. ನೀ ಹೇಳು. ಉಂಡಂಗೋ, ಅಲ್ಲೋ? ನೀ ಅಂದದ್ದಕ್ಕ ನಾವೆಲ್ಲಾ ಹೂಂ ಅಂತೀವಿ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾನು. "ಅಲ್ಲ" ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಮಂಗಳವಾರ ಉಳಿಯುತ್ತಿತ್ತು. ಆದರೆ ಆ ಕೆಂಪು ದೀಪ ಆರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು.

ಇಷ್ಟು ದಿನ ಬಾಯಿ ಹಾಕದ ಅತ್ತೆ ಅವತ್ತು ಬಾಯಿ ತೆರೆದರು. ನನ್ನನ್ನೇ ನೋಡಿ ಕೇಳಿದರು, "ತಿಂದ ಮ್ಯಾಲ ಹಸಿವು ಹೋತೇನು?"

"ಹೋತ್ರಿ."

"ಹಂಗಾದ್ರ ಉಂಡಂಗ."

ಎದ್ದು ಮಾಡದಲ್ಲಿಟ್ಟಿದ್ದ ದಬ್ಬಣವನ್ನೂ ಸುತಳಿಯನ್ನೂ ತಂದರು. ಕಡೆಯ ಸೋಮವಾರಕ್ಕೆ ಇನ್ನೂ ವಾರವಿತ್ತು. ಆದರೆ ಅವತ್ತೇ ಮೊದಲ ಚೀಲದ ಬಾಯಿ ಹೊಲಿದರು, ಇನ್ನು ಯಾರೂ ಮಾತು ತಿರುಗಿಸದ ಹಾಗೆ. ಶಿವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಟಮಾರಿ, ಹುಟ್ಟಾ ಹಟಮಾರಿ" ಎಂದು ಗೊಣಗಿದಳು.

ಆಮೇಲಿನದು ಬೇಗ ಬೇಗ ನಡೆಯಿತು. ಖಾನಾಪುರಕ್ಕೆ ಹೊಸ ಬ್ಯಾಟರಿ ಬಂತು. ಪ್ರಶಾಂತ ಒಂದು ಸಂಜೆ ಮನೆಗೆ ಬಂದು, ಮುಂದಿನ ತಿಂಗಳಿಂದ ಮಧ್ಯಾಹ್ನದ್ದು ಇರುವುದಿಲ್ಲ ಎಂದು ಹೇಳಲಾರದೆ ಹೇಳಿದ. ಅತ್ತೆ ಅವನನ್ನೇ ಸಮಾಧಾನ ಮಾಡಿ, ಉಣ್ಣಲು ಬಡಿಸಿ ಕಳಿಸಿದರು. ವಿಷಯ ಹೇಗೋ ಸುಗಂಧಾಳ ಕಿವಿಗೆ ಬಿತ್ತು. ಫೋನು ಮಾಡಿದಳು. "ಅಜ್ಜಿ ಇಲ್ಲಿ ಬಂದು ಹಾಡಲಿ ಅಕ್ಕಾ. ವಾರಕ್ಕೊಮ್ಮೆ. ನಾವ ಬಂದು ಕರಕೊಂಡು ಬರತೀವಿ." ನಾನು ಹಿಗ್ಗಿಹೋದೆ. ಓಡಿ ಬಂದು ಅತ್ತೆಗೆ ಹೇಳಿದೆ.

"ಬ್ಯಾಡ" ಅಂದರು. "ಕೊಟ್ಟ ಕೈಲೆ ಇಸಗೊಂಡ್ರ ಅದು ದಾಸೋಹ ಅಲ್ಲ, ವ್ಯಾಪಾರ."

"ಅಯ್ಯ ಶಿವನ! ಹಾಡಾಕ ಕರದ್ರ ಅದರಾಗ ವ್ಯಾಪಾರ ಎಲ್ಲಿ ಬಂತ್ರಿ?"

"ಬಂತು. ನೀ ಸುಮ್ಮನಿರು."

ಸಿಟ್ಟು ಬಂತು ನನಗೆ. ಅತ್ತೆಯ ಮೇಲೆ, ರೂಢಿಯ ಮೇಲೆ, ಮಳೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಭಾಕರಿಯ ಮೇಲೆ. ಎರಡು ದಿನ ಪಾತ್ರೆಗಳನ್ನು ಸದ್ದು ಮಾಡಿಯೇ ಇಟ್ಟೆ. ಅತ್ತೆ ಕೇಳಿಸಿಕೊಳ್ಳದವರ ಹಾಗೆ ಇದ್ದರು.

ರೇಡಿಯೋ ಇಲ್ಲದ ಮೊದಲ ಮಂಗಳವಾರ ಬಂತು. ಮಳೆ ತೆಳುವಾಗಿತ್ತು, ನಡುವೆ ಬಿಸಿಲೂ ಬೀಳುತ್ತಿತ್ತು. ಊಟವಾದ ಮೇಲೆ ಅತ್ತೆ ಮನೆಯ ಸೀರೆಯಲ್ಲೇ ಬಂದು ನನ್ನ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಎಂದೂ ಅಲ್ಲಿ ಕೂತವರಲ್ಲ. ನಾನು ತಲೆ ತಗ್ಗಿಸಿ ಜೋರಾಗಿ ತುಳಿದೆ. ಸ್ವಲ್ಪ ಹೊತ್ತಿಗೆ ತುಳಿಯಲಾಗಲಿಲ್ಲ. ಕಾಲು ತಾನಾಗಿ ನಿಂತಿತು.

"ಯಾಕ ನಿಂತಿ? ಹೊಲಿ."

"ದಾರ ಹರದೈತ್ರಿ."

ದಾರ ಹರಿದಿರಲಿಲ್ಲ. ಅತ್ತೆಗೆ ಕಣ್ಣು ಮಂಜಾದರೂ ಅಷ್ಟು ಕಾಣುತ್ತದೆ. ನನಗೆ ತಡೆಯಲಾಗಲಿಲ್ಲ.

"ಅತ್ತಿ, ನಿಮಗ ಕೆಟ್ಟ ಅನಿಸಿಲ್ಲೇನ್ರಿ?"

"ಅನಿಸದ ಏನು. ಮುಂಜಾನಿಂದ ಎರಡ ಸಲ ಎಣ್ಣಿ ಬಾಟಲಿ ಕೈಯಾಗ ಹಿಡದು ತಿರುಗಿ ಇಟ್ಟೀನಿ."

"ಮತ್ತ ಯಾಕ ಕೊಟ್ರಿ? ಶಿವಕ್ಕ ದಾರಿ ಮಾಡಿ ಕೊಟ್ಟಿದ್ರಲ್ಲ. ನೀವು ಸುಮ್ಮನಿದ್ರೂ ಆಗತಿತ್ತು."

ಅತ್ತೆ ಬಾಗಿಲಾಚೆ ನೋಡಿದರು. ಓಣಿಯಲ್ಲಿ ಯಾರೋ ಒದ್ದೆ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದರು.

"ಆ ಮಂದಾ ಅನ್ನಾಕಿಗೆ ಆ ಕಡೆ ಒಬ್ಬಾಕಿ ಇದ್ಲು, ರೇಡಿಯೋ ಹಚ್ಚಿಕೊಂಡು ಕಾಯಾಕಿ. ಹೆಸರ ಕೇಳಿದ್ದಕ್ಕ ಲಾಟೀನ ಕೆಳಗ ಇಟ್ಲು. ನಾ ಹಾಡತಿದ್ದೆ ಖರೇ. ನನ್ನ ಹಾಡಿಗೆ ಯಾರ ಕಾದಿದ್ರು? ಯಾರೂ ಕಾಯದ್ದು ನಿಂತ್ರ ಯಾರಿಗೇನ ಹೋತು?"

ಇಷ್ಟು ವರ್ಷ ಆಡದ ಮಾತು, ಹೇಗೆ ಆಡಬೇಕೆಂದೂ ಗೊತ್ತಿರಲಿಲ್ಲ.

"ನಾ ಕಾಯತಿದ್ದೆ ಅತ್ತಿ" ಅಂದೆ. "ನೀವ ಆಟೋ ಹತ್ತಿದ ಕೂಡಲೇ ಮಿಷನ್ ಬಂದ್ ಮಾಡಿ ರೇಡಿಯೋ ಹಚ್ಚತಿದ್ದೆ. ಗಿರಾಕಿ ಬಂದ್ರ ಸುಳ್ಳ ಹೇಳಿ ಕಳಸತಿದ್ದೆ. ಒಂದ ಮಂಗಳವಾರ ತಪ್ಪಿಸಿಲ್ಲ."

ಅತ್ತೆ ನನ್ನ ಮುಖ ನೋಡಿದರು, ನಿಂತ ಮಿಷನ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಹುಚ್ಚಿ" ಅಂದರು, "ಅದನ್ನ ಆವತ್ತ ಪಡಸಾಲ್ಯಾಗ ಹೇಳಬಾರದೇನು?"